ಬಜೆಟ್ ಕೊರತೆಯ ಲೆಕ್ಕ: ಸಾಲದ ಪುಟದೊಂದಿಗೆ ತಾಳೆ ನೋಡುವ ಕ್ರಮ

ಬಜೆಟ್ ಮಂಡನೆಯಾದ ದಿನ ಎಲ್ಲರ ಬಾಯಲ್ಲೂ ಓಡಾಡುವುದು ಒಂದೇ ಸಂಖ್ಯೆ: ವಿತ್ತೀಯ ಕೊರತೆ ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ ಮೌಲ್ಯದ) ಶೇಕಡಾ ಇಷ್ಟು. ಆ ಸಂಖ್ಯೆ ಎಷ್ಟು ನಂಬಬಹುದಾದದ್ದು, ಅದರ ಹಿಂದೆ ಏನಿದೆ ಎಂದು ತಿಳಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಕೂಡಿ, ಕಳೆದು, ಭಾಗಿಸಲು ಬಂದರೆ ಸಾಕು. ನಾಲ್ಕು ದಾಖಲೆಗಳನ್ನು ಮುಂದಿಟ್ಟುಕೊಂಡು ಕುಳಿತರೆ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಇದು.

ಬೇಕಾದ ದಾಖಲೆಗಳು ಇವು: ವಾರ್ಷಿಕ ಹಣಕಾಸು ವಿವರ, ಸ್ವೀಕೃತಿಗಳ ವಿವರ, ಸಾಲ ಮತ್ತು ಖಾತರಿಗಳ (ಬೇರೆಯವರ ಸಾಲಕ್ಕೆ ಸರ್ಕಾರ ನಿಂತ ಜಾಮೀನುಗಳ) ಪಟ್ಟಿ, ಲೆಕ್ಕಪರಿಶೋಧನೆ ಮುಗಿದ ಕೊನೆಯ ವರ್ಷದ ವರದಿ. ಬಹುತೇಕ ದೇಶಗಳ ಹಣಕಾಸು ಸಚಿವಾಲಯಗಳು ಇವನ್ನು ತಮ್ಮ ಜಾಲತಾಣದಲ್ಲೇ ಇಟ್ಟಿರುತ್ತವೆ. ಕೊನೆಯ ಎರಡು ಸಿಗದಿದ್ದರೆ ಅದನ್ನೇ ಮೊದಲ ಟಿಪ್ಪಣಿಯಾಗಿ ಬರೆದುಕೊಳ್ಳಿ. ಸಾಲದ ಪಟ್ಟಿ ಕೊಡದ ಸರ್ಕಾರ ಹೇಳುವ ಕೊರತೆಯನ್ನು ಹೊರಗಿನವರು ಪರೀಕ್ಷಿಸಲು ಸಾಧ್ಯವೇ ಇಲ್ಲ.

ಹೆಜ್ಜೆ 1: ಮೂರು ಕೊರತೆಗಳನ್ನು ನೀವೇ ಲೆಕ್ಕ ಹಾಕಿ

ಭಾಷಣದಲ್ಲಿ ಹೇಳಿದ ಅಂಕಿಯನ್ನು ಪಕ್ಕಕ್ಕಿಟ್ಟು ಪಟ್ಟಿಯಿಂದ ಶುರುಮಾಡಿ. ಉದಾಹರಣೆಗೆ ಒಂದು ಕಲ್ಪಿತ ಸರ್ಕಾರವನ್ನು ತೆಗೆದುಕೊಳ್ಳೋಣ. ಲೇಖನದ ಕೊನೆಯವರೆಗೂ ಇದೇ ಅಂಕಿಗಳು ನಮ್ಮ ಜೊತೆಗಿರುತ್ತವೆ.

ದೇಶದ ಜಿಡಿಪಿ 1,00,000 ಕೋಟಿ. ತೆರಿಗೆ, ಶುಲ್ಕ, ಲಾಭಾಂಶ ಎಲ್ಲ ಸೇರಿ ರಾಜಸ್ವ ಸ್ವೀಕೃತಿ 20,000 ಕೋಟಿ. ಹಿಂದೆ ಕೊಟ್ಟ ಸಾಲದ ವಸೂಲಿ 300 ಕೋಟಿ, ಸರ್ಕಾರಿ ಕಂಪನಿಗಳ ಷೇರು ಮಾರಾಟದಿಂದ 700 ಕೋಟಿ. ಒಟ್ಟು ವೆಚ್ಚ 26,000 ಕೋಟಿ. ಅದರಲ್ಲಿ ಸಂಬಳ, ಪಿಂಚಣಿ, ಸಹಾಯಧನ, ಬಡ್ಡಿಯಂಥ ರಾಜಸ್ವ ವೆಚ್ಚ 22,000 ಕೋಟಿ. ರಸ್ತೆ, ಅಣೆಕಟ್ಟು, ಕಟ್ಟಡದಂಥ ಬಂಡವಾಳ ವೆಚ್ಚ 4,000 ಕೋಟಿ. ರಾಜಸ್ವ ವೆಚ್ಚದೊಳಗೆ ಬಡ್ಡಿಯೊಂದೇ 4,000 ಕೋಟಿ.

ಒಟ್ಟು ವೆಚ್ಚದಿಂದ ಸಾಲವಲ್ಲದ ಸ್ವೀಕೃತಿಗಳನ್ನೆಲ್ಲ ಕಳೆದರೆ ಬರುವುದು ವಿತ್ತೀಯ ಕೊರತೆ: 26,000 − 21,000 = 5,000 ಕೋಟಿ, ಅಂದರೆ ಜಿಡಿಪಿಯ ಶೇ 5. ರಾಜಸ್ವ ವೆಚ್ಚದಿಂದ ರಾಜಸ್ವ ಸ್ವೀಕೃತಿ ಕಳೆದರೆ ರಾಜಸ್ವ ಕೊರತೆ: 2,000 ಕೋಟಿ. ವಿತ್ತೀಯ ಕೊರತೆಯಿಂದ ಬಡ್ಡಿ ಕಳೆದರೆ ಪ್ರಾಥಮಿಕ ಕೊರತೆ: 1,000 ಕೋಟಿ.

ಈ ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಸರ್ಕಾರ ಈ ವರ್ಷ ಒಟ್ಟು ಎಷ್ಟು ಸಾಲ ಎತ್ತಬೇಕು ಎನ್ನುವುದು ಮೊದಲನೆಯದು. ಎತ್ತಿದ ಸಾಲದಲ್ಲಿ ಎಷ್ಟು ಭಾಗ ದಿನನಿತ್ಯದ ಖರ್ಚಿಗೇ ಕರಗುತ್ತಿದೆ ಎನ್ನುವುದು ಎರಡನೆಯದು. ನಮ್ಮ ಲೆಕ್ಕದಲ್ಲಿ ಐದರಲ್ಲಿ ಎರಡು ಪಾಲು. ಹಳೆಯ ಸಾಲದ ಭಾರ ಬಿಟ್ಟು ಈಗಿನ ಸರ್ಕಾರದ ನಡವಳಿಕೆ ಹೇಗಿದೆ ಎನ್ನುವುದು ಮೂರನೆಯದು. ಈಗ ಅಧಿಕಾರದಲ್ಲಿರುವವರ ಶಿಸ್ತನ್ನು ಅಳೆಯಲು ಪ್ರಾಥಮಿಕ ಕೊರತೆಗಿಂತ ನ್ಯಾಯವಾದ ಅಳತೆ ಇನ್ನೊಂದಿಲ್ಲ. ಬಡ್ಡಿ ಹಿಂದಿನವರು ಮಾಡಿಟ್ಟ ಸಾಲದ್ದು. ಅದನ್ನು ಇವರು ಒಂದೇ ವರ್ಷದಲ್ಲಿ ಇಳಿಸಲಾರರು.

ಇಲ್ಲೇ ಇನ್ನೊಂದು ಭಾಗಾಕಾರ ಮಾಡಿಕೊಳ್ಳಿ: ಬಡ್ಡಿಯನ್ನು ರಾಜಸ್ವ ಸ್ವೀಕೃತಿಯಿಂದ ಭಾಗಿಸಿ. 4,000 ÷ 20,000, ಅಂದರೆ ಶೇ 20. ಖಜಾನೆಗೆ ಬರುವ ಪ್ರತಿ ನೂರರಲ್ಲಿ ಇಪ್ಪತ್ತು, ಶಾಲೆಗೂ ಆಸ್ಪತ್ರೆಗೂ ಹೋಗುವ ಮೊದಲೇ ಸಾಲ ಕೊಟ್ಟವರ ಕೈ ಸೇರುತ್ತಿದೆ. ಜಿಡಿಪಿಯ ಶೇಕಡಾವಾರು ನೋಡುವವರಿಗೆ ಈ ಒತ್ತಡ ಕಾಣುವುದಿಲ್ಲ.

ಹೆಜ್ಜೆ 2: ಛೇದವನ್ನೂ ನೋಡಿ

ಕೊರತೆಯನ್ನು ಭಾಗಿಸುವುದು ಮುಂದಿನ ವರ್ಷದ *ಅಂದಾಜು* ಜಿಡಿಪಿಯಿಂದ. ಆ ಅಂದಾಜನ್ನು ಸ್ವಲ್ಪ ಹಿಗ್ಗಿಸಿದರೆ ಒಂದು ರೂಪಾಯಿ ಖರ್ಚನ್ನೂ ಕಡಿಮೆ ಮಾಡದೆ ಕೊರತೆಯ ಶೇಕಡಾವಾರು ತಗ್ಗುತ್ತದೆ. ಅದರ ಜೊತೆಗೆ ತೆರಿಗೆ ಆದಾಯದ ಅಂದಾಜೂ ಉಬ್ಬುತ್ತದೆ. ಒಂದೇ ತಪ್ಪು ಎರಡು ಕಡೆಯಿಂದ ಸರ್ಕಾರದ ಪರವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಬೆಲೆ ಏರಿಕೆಯೂ ಸೇರಿದ ಬೆಳವಣಿಗೆ ದರ ಎಷ್ಟೆಂದು ಇಟ್ಟುಕೊಂಡಿದ್ದಾರೆ, ತೆರಿಗೆ ಅದಕ್ಕಿಂತ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದುಕೊಂಡಿದ್ದಾರೆ, ಎರಡನ್ನೂ ಹುಡುಕಿ ಬರೆದುಕೊಳ್ಳಿ. ಜಿಡಿಪಿ ಶೇ 8 ಬೆಳೆಯುವಾಗ ತೆರಿಗೆ ಶೇ 14 ಬೆಳೆಯುತ್ತದೆ ಎಂದಿದ್ದರೆ ಅದಕ್ಕೆ ಕಾರಣ ಕೊಟ್ಟಿರಬೇಕು: ಹೊಸ ತೆರಿಗೆ, ದರ ಏರಿಕೆ, ವಿನಾಯಿತಿ ರದ್ದು ಇಂಥ ಏನಾದರೂ ಒಂದು. ಕಾರಣವಿಲ್ಲದಿದ್ದರೆ ಹೆಚ್ಚಿನ ಆರು ಅಂಶಗಳನ್ನು ಅನುಮಾನದ ಖಾತೆಗೆ ಹಾಕಿ.

ಈ ಪ್ರಲೋಭನೆಯನ್ನು ತಪ್ಪಿಸಲೆಂದೇ ಹಲವು ದೇಶಗಳು ಅಂದಾಜಿನ ಕೆಲಸವನ್ನು ಹಣಕಾಸು ಸಚಿವರ ಕೈಯಿಂದ ತೆಗೆದು ಸ್ವತಂತ್ರ ಸಂಸ್ಥೆಗಳಿಗೆ ಕೊಟ್ಟಿವೆ. ಬ್ರಿಟನ್ 2010ರಲ್ಲಿ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿಯನ್ನು ಸ್ಥಾಪಿಸಿತು. 2022ರ ಸೆಪ್ಟೆಂಬರ್ 23ರಂದು ಅಲ್ಲಿನ ಸರ್ಕಾರ ಆ ಸಂಸ್ಥೆಯ ಅಂದಾಜನ್ನು ಪ್ರಕಟಿಸದೆಯೇ ಸುಮಾರು 4,500 ಕೋಟಿ ಪೌಂಡ್‌ಗಳ ತೆರಿಗೆ ಕಡಿತ ಘೋಷಿಸಿದಾಗ ಸರ್ಕಾರಿ ಬಾಂಡ್‌ಗಳ (ಸಾಲಪತ್ರಗಳ) ಬೆಲೆ ಕುಸಿಯಿತು, ಪಿಂಚಣಿ ನಿಧಿಗಳು ಇಕ್ಕಟ್ಟಿಗೆ ಸಿಲುಕಿದವು. ಐದೇ ದಿನದಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಾಂಡ್ ಖರೀದಿಗೆ ಇಳಿಯಬೇಕಾಯಿತು. ಕಡಿತದ ಮೊತ್ತದಷ್ಟೇ ಸಾಲ ಕೊಟ್ಟವರನ್ನು ಕಂಗೆಡಿಸಿದ್ದು ಲೆಕ್ಕ ತೋರಿಸದ ರೀತಿ.

ಹೆಜ್ಜೆ 3: ಈ ಕೊರತೆ ತಾಳುವಂಥದ್ದೇ?

"ಶೇ 3 ಒಳ್ಳೆಯದು, ಶೇ 5 ಕೆಟ್ಟದ್ದು" ಎನ್ನುವ ಸಿದ್ಧ ಉತ್ತರ ಇಲ್ಲ. ನಮ್ಮ ಸರ್ಕಾರ ವರ್ಷದ ಆರಂಭದಲ್ಲಿ 60,000 ಕೋಟಿ ಸಾಲ ಹೊತ್ತಿತ್ತು ಎಂದುಕೊಳ್ಳಿ. ಜಿಡಿಪಿ ಶೇ 8 ಬೆಳೆದು 1,00,000 ಕೋಟಿ ಆಗಿದೆ, ಅಂದರೆ ಹಿಂದಿನ ವರ್ಷ ಸುಮಾರು 92,600 ಕೋಟಿ ಇತ್ತು. ಸಾಲವೂ ಶೇ 8ರಷ್ಟೇ ಬೆಳೆದರೆ ಜಿಡಿಪಿಗೆ ಹೋಲಿಸಿದಾಗ ಸಾಲ ಇದ್ದಲ್ಲೇ ಇರುತ್ತದೆ. 60,000ದ ಶೇ 8 ಎಂದರೆ 4,800 ಕೋಟಿ. ಕೊರತೆ 5,000 ಕೋಟಿ ಇರುವುದರಿಂದ ಸಾಲದ ಅನುಪಾತ ಶೇ 64.8ರಿಂದ ಶೇ 65ಕ್ಕೆ ಏರುತ್ತದೆ. ಗಾಬರಿಪಡುವಂಥದ್ದಲ್ಲ. ಆದರೆ ಮುಂದಿನ ವರ್ಷ ಬೆಳವಣಿಗೆ ಶೇ 4ಕ್ಕೆ ಇಳಿದರೆ 65,000 ಕೋಟಿ ಸಾಲಕ್ಕೆ ತಾಳುವ ಕೊರತೆ 2,600 ಕೋಟಿ ಮಾತ್ರ. ಖರ್ಚಿನ ಪಟ್ಟಿಯಲ್ಲಿ ಏನೂ ಬದಲಾಗದೆ, ನಿನ್ನೆ ಸರಿಯಿದ್ದ ಕೊರತೆ ಇಂದು ತಾಳುವ ಮಟ್ಟದ ಸುಮಾರು ಎರಡು ಪಟ್ಟಾಗಿ ಕಾಣುತ್ತದೆ.

ಯುರೋಪಿನ 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿರುವ ಕೊರತೆಗೆ ಶೇ 3, ಸಾಲಕ್ಕೆ ಶೇ 60 ಎಂಬ ಮಿತಿಗಳೂ ಇದೇ ಗಣಿತಕ್ಕೆ ಹೊಂದುತ್ತವೆ: ಶೇ 60ರ ಸಾಲ, ಬೆಲೆ ಏರಿಕೆಯೂ ಸೇರಿ ಶೇ 5ರ ಬೆಳವಣಿಗೆ, ಗುಣಿಸಿದರೆ 3. ಬೆಳವಣಿಗೆ ಶೇ 5 ಇಲ್ಲದ ಕಡೆ ಆ 3ಕ್ಕೆ ಆಧಾರವಿಲ್ಲ.

ಸರಾಸರಿ ಬಡ್ಡಿ ದರವನ್ನೂ ತೆಗೆದಿಡಿ: 4,000 ÷ 60,000, ಸುಮಾರು ಶೇ 6.7. ಬೆಳವಣಿಗೆ ಇದಕ್ಕಿಂತ ಮೇಲಿರುವಷ್ಟು ಕಾಲ ಸಣ್ಣ ಪ್ರಾಥಮಿಕ ಕೊರತೆಯನ್ನು ಹೊತ್ತುಕೊಂಡು ಸಾಗಬಹುದು. ಬಡ್ಡಿ ದರ ಬೆಳವಣಿಗೆಯನ್ನು ದಾಟಿದ ವರ್ಷದಿಂದ ಸಾಲದ ಅನುಪಾತವನ್ನು ನಿಲ್ಲಿಸಲು ಪ್ರಾಥಮಿಕ ಹೆಚ್ಚುವರಿಯೇ ಬೇಕು, ಅಂದರೆ ಬಡ್ಡಿ ಬಿಟ್ಟು ಉಳಿದ ಖರ್ಚಿಗಿಂತ ಆದಾಯ ಹೆಚ್ಚಿರಬೇಕು. ಸಾಲ ಯಾವ ಕರೆನ್ಸಿಯಲ್ಲಿದೆ, ಎಷ್ಟು ವರ್ಷದ ಅವಧಿಯದ್ದು ಎನ್ನುವುದೂ ಇಲ್ಲಿ ಮುಖ್ಯ. ಜಪಾನ್ ಜಿಡಿಪಿಯ ಎರಡು ಪಟ್ಟಿಗೂ ಮೀರಿದ ಸಾಲ ಹೊತ್ತು ನಿಂತಿರುವುದಕ್ಕೆ ಅದು ಯೆನ್‌ನಲ್ಲಿದ್ದು ಬಹುಪಾಲು ದೇಶದೊಳಗಿನವರ ಕೈಯಲ್ಲೇ ಇರುವುದು ದೊಡ್ಡ ಕಾರಣ. ಶ್ರೀಲಂಕಾದ ಕಥೆ ಬೇರೆ: 2019ರ ಕೊನೆಯಲ್ಲಿ ಮೌಲ್ಯವರ್ಧಿತ ತೆರಿಗೆಯ (ವ್ಯಾಟ್) ದರವನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿತು, ಆದಾಯ ಕುಸಿಯಿತು, ಡಾಲರ್ ಸಾಲ ತೀರಿಸಲು ಡಾಲರ್ ಸಿಗದೆ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ಮರುಪಾವತಿಯನ್ನೇ ನಿಲ್ಲಿಸಿತು.

ಹೆಜ್ಜೆ 4: ಕೊರತೆಯನ್ನು ಸಾಲದೊಂದಿಗೆ ತಾಳೆ ನೋಡಿ

ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ. ಸರ್ಕಾರ 5,000 ಕೋಟಿ ಕೊರತೆ ತೋರಿಸಿದ್ದರೆ ವರ್ಷದ ಕೊನೆಗೆ ಸಾಲ 5,000 ಕೋಟಿಯಷ್ಟೇ ಏರಿರಬೇಕು. 60,000 ಇದ್ದದ್ದು 65,000 ಆಗಬೇಕು. ಸಾಲದ ಪಟ್ಟಿ ತೆರೆದಾಗ 67,500 ಎಂದಿದ್ದರೆ 2,500 ಕೋಟಿಗೆ ವಿವರಣೆ ಬೇಕು.

ಹುಡುಕುವುದು ಹೀಗೆ. ಮೊದಲು ನಗದು ಶಿಲ್ಕು ನೋಡಿ: ವರ್ಷಾಂತ್ಯಕ್ಕೆ ಖಜಾನೆಯಲ್ಲಿ 400 ಕೋಟಿ ಹೆಚ್ಚು ಇದ್ದರೆ ಅಷ್ಟು ಸಾಲ ಮುಂಗಡವಾಗಿ ಎತ್ತಿಟ್ಟದ್ದು, ತಪ್ಪೇನಿಲ್ಲ. ಆಮೇಲೆ ವಿದೇಶಿ ಸಾಲ: ಕರೆನ್ಸಿ ಮೌಲ್ಯ ಕುಸಿದು ಅದೇ ಸಾಲ 600 ಕೋಟಿ ದುಬಾರಿಯಾಗಿರಬಹುದು. ಇದು ಕೊರತೆಯಲ್ಲಿ ಕಾಣುವುದಿಲ್ಲ, ಹೊರೆ ಮಾತ್ರ ನಿಜ. ಉಳಿದದ್ದು 1,500 ಕೋಟಿ. ಅದು ಸಾಮಾನ್ಯವಾಗಿ ಖಾತರಿಗಳ ಪಟ್ಟಿಯಲ್ಲಿ ಸಿಗುತ್ತದೆ. ನಷ್ಟದಲ್ಲಿದ್ದ ಒಂದು ಸರ್ಕಾರಿ ಕಂಪನಿ, ಬಹಳ ಸಲ ವಿದ್ಯುತ್ ವಿತರಣೆಯದ್ದು, ಸರ್ಕಾರದ ಖಾತರಿಯ ಮೇಲೆ ಬ್ಯಾಂಕಿನಿಂದ ಸಾಲ ಎತ್ತಿರುತ್ತದೆ. ತೀರಿಸಲಾಗದೆ ಹೋದಾಗ ಸರ್ಕಾರ ಅದನ್ನು ತನ್ನ ತಲೆಗೆ ಕಟ್ಟಿಕೊಂಡಿರುತ್ತದೆ. ವರ್ಷದ ಖರ್ಚಿನಲ್ಲಿ ಎಲ್ಲೂ ಕಾಣದ ಹಣ ಸಾಲದ ಪುಟದಲ್ಲಿ ಬಂದು ಕೂತಿರುತ್ತದೆ.

ಈಗ ಅನುಪಾತವನ್ನು ಮತ್ತೆ ಲೆಕ್ಕ ಹಾಕಿ. ಘೋಷಿತ ಕೊರತೆಯ ಪ್ರಕಾರ ಶೇ 65, ಹೆಚ್ಚುಕಡಿಮೆ ಸ್ಥಿರ. ವಾಸ್ತವದಲ್ಲಿ ಶೇ 67.5. ಒಂದೇ ವರ್ಷದಲ್ಲಿ 2.7 ಅಂಶ ಏರಿಕೆ. ಇದೇ ತಾಳೆಯನ್ನು ಐದು ವರ್ಷಕ್ಕೆ ಮಾಡಿ. ವ್ಯತ್ಯಾಸ ಒಮ್ಮೆ ಆಚೆ, ಒಮ್ಮೆ ಈಚೆ ಇದ್ದರೆ ಅದು ಲೆಕ್ಕದ ಸಹಜ ಏರುಪೇರು. ಪ್ರತಿ ವರ್ಷವೂ ಸಾಲವೇ ಹೆಚ್ಚಾಗಿ ಬರುತ್ತಿದ್ದರೆ ಬಜೆಟ್‌ನ ಹೊರಗೆ ಇನ್ನೊಂದು ಬಜೆಟ್ ನಡೆಯುತ್ತಿದೆ ಎಂದೇ ಅರ್ಥ.

ಭಾರತದ ಆಹಾರ ಸಹಾಯಧನ ಇದಕ್ಕೆ ಒಳ್ಳೆಯ ಉದಾಹರಣೆ. ಕೇಂದ್ರ ಸರ್ಕಾರ ಭಾರತೀಯ ಆಹಾರ ನಿಗಮಕ್ಕೆ ಕೊಡಬೇಕಿದ್ದ ಹಣದ ಒಂದು ಭಾಗವನ್ನು ಹಲವು ವರ್ಷ ಬಜೆಟ್‌ನಿಂದ ಕೊಡದೆ, ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ನಿಗಮಕ್ಕೆ ಸಾಲ ಕೊಡಿಸಿತು. ಸಾಲ ನಿಗಮದ ಪುಸ್ತಕದಲ್ಲಿತ್ತು, ಕೇಂದ್ರದ ಕೊರತೆಯಲ್ಲಿ ಇರಲಿಲ್ಲ. 2021ರ ಫೆಬ್ರುವರಿಯ ಬಜೆಟ್‌ನಲ್ಲಿ ಈ ಪದ್ಧತಿ ನಿಲ್ಲಿಸಿ ಬಾಕಿಯನ್ನು ಲೆಕ್ಕಕ್ಕೆ ತಂದಾಗ, 2020-21ಕ್ಕೆ ಸುಮಾರು 1.16 ಲಕ್ಷ ಕೋಟಿ ಎಂದಿದ್ದ ಆಹಾರ ಸಹಾಯಧನದ ಅಂದಾಜು 4.2 ಲಕ್ಷ ಕೋಟಿ ದಾಟಿತು. ಕೋವಿಡ್ ಕಾಲದ ಉಚಿತ ಧಾನ್ಯದ ಖರ್ಚೂ ಅದರಲ್ಲಿತ್ತು, ಹಳೆಯ ಬಾಕಿಯೂ ಇತ್ತು. ಆ ವರ್ಷದ ಕೊರತೆ ಶೇ 9.2ಕ್ಕೆ ಹೋಗಲು ಇದೂ ಒಂದು ಕಾರಣ. ಲೆಕ್ಕ ಬಯಲಿಗೆ ಬಂದದ್ದು ಖಂಡಿತ ಒಳ್ಳೆಯ ಕೆಲಸ. ಆದರೆ ಅದಕ್ಕೂ ಹಿಂದಿನ ವರ್ಷಗಳ ಕೊರತೆಯನ್ನು ಇನ್ನೊಂದು ವರ್ಷದ ಜೊತೆ ಹೋಲಿಸುವಾಗ ಈ ತಿದ್ದುಪಡಿ ಮಾಡಿಕೊಳ್ಳದಿದ್ದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ತಾಳೆಯಲ್ಲೂ ಸಿಕ್ಕದ ಒಂದು ಬಾಬು ಇದೆ: ಬಾಕಿ ಬಿಲ್ಲುಗಳು. ನಗದು ಪದ್ಧತಿಯ ಲೆಕ್ಕದಲ್ಲಿ ಹಣ ಖಜಾನೆಯಿಂದ ಹೊರಟ ದಿನವೇ ಖರ್ಚಿನ ದಿನ. ವರ್ಷದ ಕೊನೆಯ ವಾರ ಸೇತುವೆಯ ಕೆಲಸ ಮುಗಿದಿದೆ, ಅಳತೆ ಪುಸ್ತಕದಲ್ಲಿ ದಾಖಲಾಗಿದೆ, ಎಂಜಿನಿಯರ್ ಸಹಿಯೂ ಬಿದ್ದಿದೆ. ಆದರೆ ಬಿಲ್ಲು ಖಜಾನೆಯಲ್ಲಿ ಹತ್ತು ದಿನ ತಡೆದರೆ ಈ ವರ್ಷದ ಕೊರತೆಯಲ್ಲಿ ಅದು ಇಲ್ಲ, ಸಾಲದ ಪಟ್ಟಿಯಲ್ಲೂ ಇಲ್ಲ. ಹೊರೆ ಗುತ್ತಿಗೆದಾರನ ಮೇಲೆ, ಅವನಿಂದ ಕೂಲಿಯವರ ಮೇಲೆ. ಮುಂದಿನ ಸಲ ಟೆಂಡರ್ ಹಾಕುವಾಗ ಅವನು ಆ ವಿಳಂಬದ ಬಡ್ಡಿಯನ್ನೂ ದರಕ್ಕೆ ಸೇರಿಸುತ್ತಾನೆ, ಸರ್ಕಾರವೇ ಅದನ್ನು ತೆರುತ್ತದೆ. ಗ್ರೀಸ್‌ನಲ್ಲಿ ಲೆಕ್ಕದಿಂದ ಹೊರಗುಳಿದ ಬಾಬುಗಳಲ್ಲಿ ಆಸ್ಪತ್ರೆಗಳು ಸರಬರಾಜುದಾರರಿಗೆ ಕೊಡಬೇಕಿದ್ದ ಇಂಥ ಬಾಕಿಯೂ ಸೇರಿತ್ತು. 2009ರ ಕೊರತೆ ಶೇ 3.7 ಎಂದಿದ್ದ ಆ ದೇಶ ಅದೇ ವರ್ಷದ ಅಕ್ಟೋಬರ್‌ನಲ್ಲಿ ಶೇ 12.5 ಎಂದಿತು; 2010ರ ನವೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಅಂಕಿಅಂಶ ಸಂಸ್ಥೆ ಯುರೋಸ್ಟಾಟ್ ಪ್ರಕಟಿಸಿದ ಅಂಕಿ ಶೇ 15.4. ಬಾಕಿ ಬಿಲ್ಲುಗಳ ಮೊತ್ತವನ್ನು ಲೆಕ್ಕಪರಿಶೋಧಕರ ವರದಿಯಲ್ಲಿ, ಇಲಾಖಾವಾರು ಟಿಪ್ಪಣಿಗಳಲ್ಲಿ ಹುಡುಕಿ. ಸಿಕ್ಕರೆ ಕೊರತೆಗೆ ಕೂಡಿಸಿ.

ಹೆಜ್ಜೆ 5: ಒಂದೇ ಸಲ ಬರುವ ಹಣವನ್ನು ಕಳೆಯಿರಿ

ಷೇರು ಮಾರಾಟದ 700 ಕೋಟಿ ಮುಂದಿನ ವರ್ಷ ಬರುವುದಿಲ್ಲ. ಅದನ್ನು ತೆಗೆದರೆ ನಮ್ಮ ಸರ್ಕಾರದ ಕೊರತೆ 5,700 ಕೋಟಿ. ತರಂಗಾಂತರ ಹರಾಜು, ಕೇಂದ್ರ ಬ್ಯಾಂಕಿನ ಅಸಾಧಾರಣ ಲಾಭಾಂಶ, ತೆರಿಗೆ ವಿವಾದಗಳ ರಾಜಿ ಯೋಜನೆಯಿಂದ ಬಂದ ಹಣ ಇವೆಲ್ಲ ಇದೇ ಜಾತಿಯವು.

ಇದಕ್ಕಿಂತ ಕಷ್ಟದ್ದು, ಒಳ್ಳೆಯ ಕಾಲ ತಂದ ತೆರಿಗೆಯನ್ನು ಗುರುತಿಸುವುದು. ಐರ್ಲೆಂಡ್‌ನ ಸಾಲ 2007ರಲ್ಲಿ ಜಿಡಿಪಿಯ ಸುಮಾರು ಶೇ 25 ಮಾತ್ರ ಇತ್ತು, ಬಜೆಟ್ ಸಮತೋಲನದಲ್ಲಿತ್ತು. ಯಾವ ಮಿತಿಯನ್ನೂ ಮೀರಿರಲಿಲ್ಲ. ಆದರೆ ಆದಾಯದ ದೊಡ್ಡ ಪಾಲು ಮನೆ, ಜಮೀನಿನ ವಹಿವಾಟಿನಿಂದ ಬರುತ್ತಿತ್ತು. ಆ ಗುಳ್ಳೆ ಒಡೆದು, ಬ್ಯಾಂಕುಗಳನ್ನು ಉಳಿಸುವ ಹೊರೆಯೂ ಬಿದ್ದಾಗ 2010ರ ಕೊರತೆ ಶೇ 30ನ್ನು ದಾಟಿತು. ಹೀಗಾಗಿ ತೆರಿಗೆಗಳನ್ನು ಬಾಬುವಾರು ನೋಡಿ. ಯಾವುದಾದರೂ ಒಂದು ಮೂರು ವರ್ಷದಲ್ಲಿ ಎರಡು ಪಟ್ಟಾಗಿದ್ದರೆ ಅದರ ಹಳೆಯ ಸರಾಸರಿಯನ್ನಷ್ಟೇ ಖಾಯಂ ಆದಾಯವೆಂದು ಹಿಡಿಯಿರಿ.

ಹೆಜ್ಜೆ 6: ಕೊರತೆ ಇಳಿಸಿದ್ದಾರೆ ಎಂದರೆ, ಎಲ್ಲಿಂದ?

ಸಂಬಳ, ಪಿಂಚಣಿ, ಬಡ್ಡಿ ಮೂರನ್ನೂ ತಡೆಯಲಾಗದು. ಆದ್ದರಿಂದ ಹಣ ಸಾಕಾಗದ ವರ್ಷದಲ್ಲಿ ಕತ್ತರಿ ಮೊದಲು ಬೀಳುವುದು ಬಂಡವಾಳ ವೆಚ್ಚದ ಮೇಲೆ. ಇನ್ನೂ ಕಟ್ಟದ ಅಣೆಕಟ್ಟಿನ ಪರವಾಗಿ ಬೀದಿಗಿಳಿಯುವವರು ಇಲ್ಲ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಲೆಕ್ಕ, ಈ ಮೂರು ಕಾಲಂಗಳಲ್ಲಿ ಬಂಡವಾಳ ವೆಚ್ಚವನ್ನು ಓದಿ. 4,000 ಎಂದಿದ್ದು ಪರಿಷ್ಕೃತದಲ್ಲಿ 3,400, ವಾಸ್ತವದಲ್ಲಿ 3,000 ಆಗಿದ್ದರೆ, ಕೊರತೆಯ ಗುರಿ ಮುಟ್ಟಿದ್ದು ನಾಳೆಯ ರಸ್ತೆ, ನೀರಾವರಿಯ ಲೆಕ್ಕದಲ್ಲಿ. ಹಳೆಯ ಆಸ್ತಿಗಳ ನಿರ್ವಹಣಾ ವೆಚ್ಚ ರಾಜಸ್ವ ಬಾಬಿನಲ್ಲಿರುತ್ತದೆ, ಅದನ್ನೂ ಬಿಡದೆ ನೋಡಿ.

ಕಡಿತದ ವೇಗವೂ ಎಣಿಕೆಗೆ ಬರಬೇಕು. ಮಂದಗತಿಯ ಕಾಲದಲ್ಲಿ ನಮ್ಮ ಸರ್ಕಾರ 1,000 ಕೋಟಿ ಖರ್ಚು ಕಡಿತ ಮಾಡಿತು, ಅದರಿಂದ ಜಿಡಿಪಿಯೂ 1,000 ಕೋಟಿ ಕುಗ್ಗಿತು ಎಂದುಕೊಳ್ಳಿ. ಆದಾಯ 200 ಕೋಟಿ ಕಡಿಮೆಯಾಗುತ್ತದೆ, ಉಳಿತಾಯ 800 ಮಾತ್ರ. 65,000 ಇರಬೇಕಿದ್ದ ಸಾಲ 64,200. ಅದನ್ನು 99,000ದಿಂದ ಭಾಗಿಸಿದರೆ ಶೇ 64.85. ಒಂದು ಅಂಶ ಇಳಿಯುತ್ತದೆ ಎಂದುಕೊಂಡ ಅನುಪಾತ ಇಳಿದದ್ದು 0.15. ಯುರೋಪಿನ ಬಿಕ್ಕಟ್ಟಿನ ಮೊದಲ ವರ್ಷಗಳಲ್ಲಿ ಕಡಿತದ ಈ ಅಡ್ಡಪರಿಣಾಮವನ್ನು ಅಂದಾಜುದಾರರು ಕಡಿಮೆ ಎಣಿಸಿದ್ದರು ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಒಲಿವಿಯೆ ಬ್ಲಾಂಷಾರ್ ಮತ್ತು ಡೇನಿಯಲ್ ಲೀ 2013ರಲ್ಲಿ ತೋರಿಸಿದರು. ಕುಸಿತದ ವರ್ಷ ಕೊರತೆ ಹಿಗ್ಗಿದ್ದಕ್ಕೆ ಸರ್ಕಾರವನ್ನು ದೂರುವ ಮೊದಲು ಈ ಲೆಕ್ಕ ಮಾಡಿ. ದೂರಬೇಕಾದದ್ದು ತೆರಿಗೆ ತುಂಬಿ ಬಂದ ವರ್ಷಗಳಲ್ಲಿ ಸಾಲ ಇಳಿಸದೇ ಹೋದದ್ದಕ್ಕೆ.

ಹೆಜ್ಜೆ 7: ನಿಯಮ ಇದ್ದರೆ ಅದರ ಕೀಲುಗಳನ್ನು ಪರೀಕ್ಷಿಸಿ

ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇದೆ ಎಂದಾಕ್ಷಣ ಶಿಸ್ತು ಇದೆ ಎಂದು ಭಾವಿಸಬೇಡಿ. ಭಾರತದ 2003ರ ಕಾಯ್ದೆಯ ಶೇ 3ರ ಗುರಿ ಹಲವು ಸಲ ಮುಂದಕ್ಕೆ ಹೋಗಿದೆ. 2003ರ ನವೆಂಬರ್‌ನಲ್ಲಿ ಜರ್ಮನಿ, ಫ್ರಾನ್ಸ್ ಎರಡೂ ಮಾಸ್ಟ್ರಿಕ್ಟ್‌ನ ಶೇ 3ರ ಮಿತಿ ಮೀರಿದಾಗ ಯುರೋಪಿನ ಹಣಕಾಸು ಸಚಿವರ ಮಂಡಳಿ ಕ್ರಮವನ್ನೇ ತಡೆಹಿಡಿಯಿತು. ಕೊರತೆಗೆ ವರ್ಷವಾರು ಗುರಿ ಹಾಕಿದ ಅಮೆರಿಕದ 1985ರ ಗ್ರಾಮ್-ರಡ್‌ಮನ್-ಹಾಲಿಂಗ್ಸ್ ಕಾಯ್ದೆಯ ಕಾಲದಲ್ಲಿ ಸೈನಿಕರ ಸಂಬಳದ ದಿನವನ್ನು ಒಂದು ಆರ್ಥಿಕ ವರ್ಷದಿಂದ ಇನ್ನೊಂದಕ್ಕೆ ಸರಿಸಿ ಗುರಿ ಮುಟ್ಟಿದಂತೆ ತೋರಿಸಿದ್ದುಂಟು.

ನಿಯಮದಲ್ಲಿ ನಾಲ್ಕು ವಿಷಯ ಹುಡುಕಿ. ಸಂಖ್ಯೆ ಆರ್ಥಿಕತೆಯ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆಯೇ? ಚಿಲಿ 2001ರಿಂದ ತಾಮ್ರದ ದೀರ್ಘಾವಧಿ ಬೆಲೆಯ ಮೇಲೆ ಖರ್ಚು ನಿಗದಿಮಾಡುತ್ತಿದೆ, ಆ ಬೆಲೆಯನ್ನು ಅಂದಾಜಿಸುವುದು ಹೊರಗಿನ ತಜ್ಞರ ಸಮಿತಿ. ಬೆಲೆ ಏರಿದ ವರ್ಷಗಳಲ್ಲಿ ಉಳಿಸಿದ ಹಣವೇ 2009ರ ಕುಸಿತದಲ್ಲಿ ಖರ್ಚಿಗೆ ಒದಗಿತು. ತಪ್ಪಿದರೆ ಭರಿಸುವ ದಾರಿ ಇದೆಯೇ? 2003ರಿಂದ ಜಾರಿಯಲ್ಲಿರುವ ಸ್ವಿಟ್ಜರ್ಲೆಂಡ್‌ನ ಸಾಲ ತಡೆ ವ್ಯವಸ್ಥೆಯಲ್ಲಿ ಪ್ರತಿ ವರ್ಷದ ವ್ಯತ್ಯಾಸ ಒಂದು ಖಾತೆಗೆ ಸೇರುತ್ತದೆ. ಖಾತೆಯ ಕೊರತೆ ವೆಚ್ಚದ ಶೇ 6 ದಾಟಿದರೆ ಮೂರು ವರ್ಷದೊಳಗೆ ಸರಿಪಡಿಸಲೇಬೇಕು. ವಿನಾಯಿತಿಯ ಬಾಗಿಲಿಗೆ ಕಾವಲು ಯಾರು? ಜರ್ಮನಿ ಕೋವಿಡ್‌ಗೆಂದು ಮಂಜೂರಾಗಿ ಬಳಕೆಯಾಗದೆ ಉಳಿದ 6,000 ಕೋಟಿ ಯೂರೊ ಸಾಲದ ಅನುಮತಿಯನ್ನು ಹವಾಮಾನ ನಿಧಿಗೆ ವರ್ಗಾಯಿಸಿದ್ದನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ರದ್ದುಮಾಡಿತು. ಕೊನೆಯದಾಗಿ, ಮತದಾರರಿಗೆ ಲೆಕ್ಕ ಯಾವಾಗ ಸಿಗುತ್ತದೆ? ನ್ಯೂಜಿಲೆಂಡ್‌ನಲ್ಲಿ 1994ರ ಕಾಯ್ದೆಯಿಂದ ಬಂದ ನಿಯಮದ ಪ್ರಕಾರ ಪ್ರತಿ ಚುನಾವಣೆಗೂ ಮೊದಲು ಖಜಾನೆಯ ಸ್ಥಿತಿಯನ್ನು ಪ್ರಕಟಿಸಬೇಕು. ನನ್ನ ಮಟ್ಟಿಗೆ ಎಲ್ಲ ನಿಯಮಗಳಲ್ಲಿ ಅತ್ಯಂತ ಅಗ್ಗದ್ದೂ ಪರಿಣಾಮಕಾರಿಯೂ ಆದದ್ದು ಇದೇ.

ಹೆಜ್ಜೆ 8: ವರ್ಷದ ಮಧ್ಯೆ ಮತ್ತು ಕೊನೆಯಲ್ಲಿ

ತಿಂಗಳ ಲೆಕ್ಕ ಪ್ರಕಟವಾಗುವ ಕಡೆ ಅದನ್ನು ಕಳೆದ ವರ್ಷದ ಅದೇ ತಿಂಗಳ ಜೊತೆ ಮಾತ್ರ ಹೋಲಿಸಿ. ಆರು ತಿಂಗಳಲ್ಲಿ ಕೊರತೆ ವರ್ಷದ ಗುರಿಯ ಶೇ 60 ಮುಟ್ಟಿತೆಂದು ಗಾಬರಿಯಾಗುವ ಅಗತ್ಯವಿಲ್ಲ. ಮುಂಗಡ ತೆರಿಗೆ ಕಂತುಗಳು ಬೀಳುವ ತಿಂಗಳಲ್ಲಿ ಚಿತ್ರ ಬದಲಾಗುತ್ತದೆ.

ಲೆಕ್ಕಪರಿಶೋಧನೆಯಾದ ಅಂಕಿ ಬಂದಾಗ ಹಿಂದಿನ ಐದು ವರ್ಷಗಳ ಬಜೆಟ್ ಅಂದಾಜಿನ ಪಕ್ಕದಲ್ಲಿ ವಾಸ್ತವ ಆದಾಯವನ್ನು ಬರೆದು, ಪ್ರತಿ ವರ್ಷ ಶೇಕಡಾ ಎಷ್ಟು ತಪ್ಪಿತ್ತು ಎಂದು ಸರಾಸರಿ ತೆಗೆಯಿರಿ. ಸರಾಸರಿ ಶೇ 4 ಕಡಿಮೆ ಬಂದಿದ್ದರೆ ಈ ವರ್ಷದ 20,000 ಕೋಟಿಯಲ್ಲಿ 800 ಕೋಟಿ ಕಳೆಯಿರಿ. ಘೋಷಿತ ಕೊರತೆ 5,000, ಷೇರು ಮಾರಾಟ ತೆಗೆದರೆ 5,700, ಆದಾಯದ ತಪ್ಪನ್ನೂ ಸೇರಿಸಿದರೆ 6,500. ಮೂರನ್ನೂ ದಿನಾಂಕ, ಪುಟಸಂಖ್ಯೆ ಸಮೇತ ಒಂದೇ ಸಾಲಿನಲ್ಲಿ ಬರೆದಿಡಿ. ಮುಂದಿನ ಬಜೆಟ್ ಬಂದ ದಿನ ಮೊದಲು ತೆರೆಯಬೇಕಾದ ಪುಟ ಅದು.